ದುಡ್ಡು ತಾತಂದಾ, ನಮ್ದಾ? ದೊಡ್ಡಾಸ್ಪತ್ರೆ ಹತ್ರದ ಒಂದು ಪ್ರಕರಣ

ಫುಟ್‌ಪಾತಲ್ಲಿ ಮಲಗೋರ ಕೈಗೆ ದುಡ್ಡು ಕೊಡ್ಬೇಕಾ ಬೇಡ್ವಾ ಅನ್ನೋ ಜಗಳ ಸಾಮಾನ್ಯವಾಗಿ ಹತ್ತು ರೂಪಾಯಿ ಲೆವೆಲ್ಲಲ್ಲೇ ಮುಗ್ದೋಗುತ್ತೆ. ಸಿಗ್ನಲ್ಲಲ್ಲಿ ಯಾರೋ ಕೈ ಚಾಚ್ತಾರೆ, ಕೊಟ್ರೆ ಕೊಟ್ವಿ ಇಲ್ಲಾಂದ್ರೆ ಇಲ್ಲ, ಹಸಿರು ದೀಪ ಬಂತು ಅಂದ್ರೆ ಮರ್ತೂ ಹೋಯ್ತು. ಇದು 11,400 ರೂಪಾಯಿ ವಿಷ್ಯ. ಒಬ್ಬ ಮನುಷ್ಯನ ಹೆಸರಲ್ಲಿ ನಾವು ಕೆಲವರು ಸೇರಿ ಎತ್ತಿದ ದುಡ್ಡು, ಅದು ಅವರ ಕೈಗೆ ಹೋಗ್ದೆ ಒಂದು ಟೀ ಅಂಗಡಿ ಗಲ್ಲಾದಲ್ಲಿ ಕೂತಿತ್ತು, ಒಂದಿನ ಅವರು ಬಂದು ನಂಗೆ ಐದ್ ಸಾವ್ರ ಒಟ್ಟಿಗೆ ಬೇಕು ಅಂದ್ರು, ಯಾಕೆ ಅಂತ ಹೇಳಲ್ಲ ಅಂದ್ರು. ಅಲ್ಲಿಂದ ಶುರುವಾದ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ, ಹಾಗಾಗಿ ನಡೆದಿದ್ದನ್ನ ನಡೆದ ಹಾಗೇ ಬರ್ದಿಡ್ತಿದೀನಿ. ಯಾರ ಹೆಸರೂ ಹಾಕಲ್ಲ, ಅಂಗಡಿಗಳದ್ದೂ ಹಾಕಲ್ಲ.

ಜಾಗ ಮೈಸೂರಿನ ಕೆ.ಆರ್. ಆಸ್ಪತ್ರೆ ಆಸುಪಾಸು, ನಮ್ಮೂರೋರ ಬಾಯಲ್ಲಿ ದೊಡ್ಡಾಸ್ಪತ್ರೆ. ಧನ್ವಂತ್ರಿ ರಸ್ತೆ, ಇರ್ವಿನ್ ರಸ್ತೆ ಕಡೆ ಓಡಾಡಿರೋರಿಗೆ ಗೊತ್ತಿರುತ್ತೆ, ಮೆಡಿಕಲ್ ಶಾಪು, ಲ್ಯಾಬು, ಲಾಡ್ಜು, ಎಳನೀರು ಗಾಡಿ, ಆಟೋ. ರಾತ್ರಿ ಹತ್ತರ ಮೇಲೆ ನೋಡಿದ್ರೆ ಶಟರ್ ಮುಂದೆಲ್ಲ ಜನ ಮಲಗಿರ್ತಾರೆ. ಅದ್ರಲ್ಲಿ ಅರ್ಧ ಜನ ಎಚ್.ಡಿ. ಕೋಟೆ, ಚಾಮರಾಜನಗರ, ಮಳವಳ್ಳಿ ಕಡೆಯಿಂದ ಪೇಷೆಂಟ್ ಜೊತೆ ಬಂದೋರು, ಅವರಿಗೆ ಊರಲ್ಲಿ ಮನೆ ಇದೆ, ಲಾಡ್ಜಿಗೆ ದುಡ್ಡಿಲ್ಲ ಅಷ್ಟೆ. ಇನ್ನರ್ಧ ಜನಕ್ಕೆ ಅದೇ ಮನೆ. ಬೆಳಿಗ್ಗೆ ಚಾಪೆ ಸುತ್ತೋ ತನಕ ಯಾರು ಯಾವ ಪೈಕಿ ಅಂತ ಹೊರಗಿನೋರಿಗೆ ಗೊತ್ತಾಗಲ್ಲ. ನಂದು ಅಲ್ಲೇ ಒಂದು ಸಣ್ಣ ಜೆರಾಕ್ಸ್-ಡಿಟಿಪಿ ಅಂಗಡಿ, ಪಿಂಚಣಿ ಅರ್ಜಿ, ರೇಷನ್ ಕಾರ್ಡ್ ತಿದ್ದುಪಡಿ, ಆಯುಷ್ಮಾನ್ ಕಾರ್ಡ್ ಪ್ರಿಂಟು, ಇದೇ ಕೆಲ್ಸ. ಹಾಗಾಗಿ ಜನರ ಕಾಗದ ಪತ್ರ ನೋಡಿ ನೋಡಿ ಸ್ವಲ್ಪ ಗೊತ್ತು.

ನಾವು ದುಡ್ಡು ಎತ್ತಿದ್ದು ಇಲ್ಲಿ ಮಲಗೋ ಒಬ್ರಿಗೆ, ತಾತ ಅಂತ ಕರೀತೀವಿ, ಅರವತ್ತೈದು ಆಸುಪಾಸು. ಮಳವಳ್ಳಿ ಕಡೆ ಹಳ್ಳಿಯೋರು, ಪ್ರಾಯದಲ್ಲಿ ಮಂಡಿಲಿ ಮೂಟೆ ಹೊರ್ತಿದ್ರು, ಭುಜ ಹೋಯ್ತು, ಹೆಂಡ್ತಿ ಹೋದ್ರು, ಊರಲ್ಲಿ ಅಣ್ಣನ ಮಕ್ಕಳ ಜೊತೆ ಏನೋ ಆಗಿ ವಾಪಸ್ ಹೋಗೋದು ಬಿಟ್ರು. ಏನಾಯ್ತು ಅಂತ ನಾನು ಕೇಳಿಲ್ಲ. ಭಿಕ್ಷೆ ಬೇಡೋ ಪೈಕಿ ಅಲ್ಲ ಅವ್ರು. ಆಟೋದಿಂದ ವಾರ್ಡಿನ ತನಕ ಲಗೇಜು ಹೊರೋದು, ಪೇಷೆಂಟ್ ಕಡೆಯೋರಿಗೆ ಬಿಸಿನೀರು ತಂದ್ಕೊಡೋದು, ಯಾವ ಬ್ಲಾಕು ಎಲ್ಲಿದೆ ಅಂತ ತೋರ್ಸೋದು, ಇಪ್ಪತ್ತೋ ಮೂವತ್ತೋ ಸಿಗ್ತಿತ್ತು. ಕುಡೀತಿದ್ರಾ ಅಂದ್ರೆ ಹೌದು, ಕುಡೀತಿದ್ರು, ಇದನ್ನ ಮುಚ್ಚಿಟ್ಟು ಬರೆದ್ರೆ ಈ ಪ್ರಕರಣಕ್ಕೆ ಅರ್ಥಾನೇ ಇರಲ್ಲ. ದಿನಾ ರಾತ್ರಿ ಒಂದು ನೈಂಟಿ ಪಾಕೀಟು, ಕಲೆಕ್ಷನ್ ಚೆನ್ನಾಗಿದ್ದ ದಿನ ಎರಡು.

ಮಳೆಗಾಲದಲ್ಲಿ ಕಾಲಿಗೆ ಏನೋ ಚುಚ್ಚಿ ಗಾಯ ಆಯ್ತು, ಸಕ್ಕರೆ ಕಾಯಿಲೆ ಇರೋದು ಆಗ್ಲೇ ಗೊತ್ತಾಗಿದ್ದು. ವಾರ್ಡಿಗೆ ಸೇರಿದ್ರು, ಎರಡು ಬೆರಳು ತೆಗೀಬೇಕಾಯ್ತು. ಡಿಸ್ಚಾರ್ಜ್ ಮಾಡೋವಾಗ ಗಾಯ ನೆನೀಬಾರ್ದು, ಬರಿಗಾಲಲ್ಲಿ ನಡೀಬಾರ್ದು, ಟೈಮ್‌ಗೆ ಸರಿಯಾಗಿ ಊಟ ಮಾತ್ರೆ ಅಂತ ಹೇಳಿ ಕಳ್ಸಿದ್ರು, ಹೇಳಿದ್ದು ಸರೀನೇ, ಆದ್ರೆ ಕೇಳ್ಕೊಂಡ ಮನುಷ್ಯ ವಾಪಸ್ ಬಂದಿದ್ದು ಶಟರ್ ಮುಂದಕ್ಕೆ. ಆಗ್ಲೇ ನಾವು ದುಡ್ಡು ಎತ್ತಿದ್ದು. ಬೆಳಿಗ್ಗೆ ಟೀಗೆ ಸೇರೋರು ನಾವು ಕೆಲವರಿದೀವಿ: ರಿಟೈರ್ಡ್ ಬ್ಯಾಂಕ್ ಸಾರ್ ಒಬ್ರು, ಹತ್ರದ ಸ್ಕೂಲಿನ ಟೀಚರ್ ಮೇಡಂ, ಮೆಡಿಕಲ್ ಶಾಪಿನೋರು, ಒಬ್ಬ ಆಟೋ ಹುಡ್ಗ, ನಾನು. ಫೋನಲ್ಲಿ ನಾಲ್ಕು ಜನಕ್ಕೆ ಹೇಳಿ, ಅವ್ರು ಇನ್ನು ನಾಲ್ಕು ಜನಕ್ಕೆ ಹೇಳಿ 11,400 ಆಯ್ತು. ಕೈಗೆ ಕೊಟ್ರೆ ರಾತ್ರಿ ಮಲಗಿದಾಗ ಬ್ಲೇಡ್ ಹಾಕಿ ಜೇಬು ಕುಯ್ಕೊಂಡು ಹೋಗ್ತಾರೆ, ಹಿಂದೆ ಒಂದ್ಸಲ ಹಾಗೇ ಆಗಿತ್ತು, ಅದಕ್ಕೆ ಟೀ ಅಂಗಡಿ ಅಣ್ಣನ ಹತ್ರ ಇರಲಿ ಅಂತಾಯ್ತು. ದಿನಕ್ಕೆ ಐವತ್ತು ಕೈಗೆ, ತಿಂಡಿ ಊಟ ಲೆಕ್ಕಕ್ಕೆ, ಬ್ಯಾಂಡೇಜು ಮುಲಾಮು ಮೆಡಿಕಲ್ ಶಾಪಲ್ಲಿ. ತಾತಂಗೆ ಹೇಳಿದ್ದು ಇಷ್ಟೇ, ನಿಮ್ ಖರ್ಚಿಗೆ ವ್ಯವಸ್ಥೆ ಮಾಡಿದೀವಿ, ಯೋಚ್ನೆ ಮಾಡ್ಬೇಡಿ. ಎಷ್ಟು ದುಡ್ಡು ಅಂತ ಹೇಳಿರ್ಲಿಲ್ಲ. ಆಟೋ ಹುಡ್ಗ ಮಾತ್ರ ಎರಡನೇ ದಿನವೇ ಬಾಯಿಬಿಟ್ಟಿದ್ದ.

ಮೂರು ವಾರ ಆದ್ಮೇಲೆ 8,400 ಉಳಿದಿತ್ತು. ತಾತ ಬಂದು ಐದು ಸಾವಿರ ಕೇಳಿದ್ದು ಆವಾಗ.

ಟೀ ಅಣ್ಣ ಪಾಪ, ಏಕಾಏಕಿ ಏನು ಹೇಳೋದು ಅಂತ ಗೊತ್ತಾಗ್ದೆ ಯಾಕ್ ತಾತ ಅಷ್ಟೊಂದು ಅಂದಿದಾರೆ. ಬೇಕು ಅಂದ್ರಂತೆ. ಏನಕ್ಕೆ ಅಂತ ಹೇಳಿ, ಎಲ್ರನ್ನೂ ಕೇಳ್ಬೇಕಲ್ಲ ಅಂದಾಗ ಆ ಮನುಷ್ಯ ಹೇಳಿದ ಮಾತು ಅಲ್ಲಿದ್ದೋರಿಗೆಲ್ಲ ನೆನಪಿದೆ: "ನಂದಾ ದುಡ್ಡು, ನಿಮ್ದಾ? ಮೊದ್ಲು ಅದ ಯೋಳಿ ಸ್ವಾಮಿ. ನಿಮ್ದು ಅಂದ್ರೆ ನಾನು ಕೇಳಾಕಿಲ್ಲ."

ಮಾರನೇ ದಿನ ಬೆಳಿಗ್ಗೆ ಪಂಚಾಯ್ತಿ. ಟೀಚರ್ ಮೇಡಂ ಖಡಾಖಂಡಿತ ಬೇಡ ಅಂದ್ರು. ಅವರ ತಂದೆ ಕುಡ್ದೇ ಹೋದೋರು, ಅದನ್ನ ಅವರೇ ಹೇಳಿದಾರೆ, ಹಾಗಾಗಿ ಅವರ ಮಾತನ್ನ ಸುಮ್ನೆ ಮೇಲ್ಜಾತಿ ಮೇಲ್ವರ್ಗದ ಬುದ್ಧಿವಾದ ಅಂತ ತಳ್ಳಿಹಾಕೋಕೆ ನಂಗೆ ಮನಸ್ಸಿಲ್ಲ. ಸಕ್ಕರೆ ಕಾಯಿಲೆ, ಗಾಯ ಮಾಗಿಲ್ಲ, ಐದು ಸಾವಿರ ಕೈಗೆ ಕೊಟ್ಟು ಹೆಣ ಎತ್ತೋಕೆ ಇನ್ನೈದು ಸಾವಿರ ಎತ್ತೋಣ್ವಾ ಅಂದ್ರು. ಬ್ಯಾಂಕ್ ಸಾರ್ ಕುಡಿತದ ಮಾತೇ ಎತ್ತಲಿಲ್ಲ, ಅವರದ್ದು ಕಳ್ಳತನದ ಭಯ, ಜೊತೆಗೆ ನಾವು ದುಡ್ಡು ಕೊಟ್ಟೋರಿಗೆಲ್ಲ ಇಂಥದ್ದಕ್ಕೆ ಅಂತ ಹೇಳಿ ಎತ್ತಿದೀವಿ, ಅವರಿಗೆ ಉತ್ತರ ಕೊಡ್ಬೇಕಲ್ಲ ಅನ್ನೋದು. ಮೆಡಿಕಲ್ ಶಾಪಿನೋರು ಅರ್ಧ ಕೊಡೋಣ ಅಂದ್ರು, ಅವರು ಎಲ್ಲದಕ್ಕೂ ಅರ್ಧ ಅನ್ನೋರೇ. ಆಟೋ ಹುಡ್ಗ ಮಾತ್ರ, "ಸಾರ್, ನೀವು ಕೊಟ್ಟಾಯ್ತು ಅಂದ್ಮೇಲೆ ಮುಗೀತು. ಕೊಟ್ಟಿಲ್ಲ ಅಂದ್ರೆ ಅದನ್ನೂ ಹೇಳ್ಬಿಡಿ ತಾತಂಗೆ" ಅಂದ.

ನಾನು ಆಟೋ ಹುಡ್ಗನ ಕಡೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದಲ್ನೇದು, ಊಟ ಬಟ್ಟೆ ಕೊಡಿ, ದುಡ್ಡು ಕೊಡ್ಬೇಡಿ ಅನ್ನೋ ಮಾತು. ದೊಡ್ಡಾಸ್ಪತ್ರೆ ಸುತ್ತಮುತ್ತ ಮಧ್ಯಾಹ್ನದ ಊಟಕ್ಕೆ ಅಂಥಾ ಬರ ಇಲ್ಲ ಕಣ್ರೀ. ಹುಟ್ಟುಹಬ್ಬ, ತಿಥಿ, ಅಮಾವಾಸ್ಯೆ ಅಂತ ಯಾರಾದ್ರೂ ಪುಳಿಯೋಗರೆ, ಮೊಸರನ್ನ ಪೊಟ್ಟಣ ತಂದು ಹಂಚ್ತಾನೇ ಇರ್ತಾರೆ, ಕೆಲವು ದಿನ ಮೂರು ಮೂರು ಕಡೆಯಿಂದ ಬಂದು ಹಳಸಿ ಚರಂಡಿ ಸೇರುತ್ತೆ. ಅದಿಲ್ಲ ಅಂದ್ರೆ ಇಂದಿರಾ ಕ್ಯಾಂಟೀನ್ ಇದೆ, 5 ರೂಪಾಯಿಗೆ ತಿಂಡಿ, 10ಕ್ಕೆ ಊಟ, ಆದ್ರೆ ಆ ಹತ್ತು ರೂಪಾಯಿ ದುಡ್ಡಲ್ವಾ? ಚಳಿಗಾಲದಲ್ಲಿ ಕಂಬಳಿ ಫೋಟೋ ಸಮೇತ ಬರುತ್ತೆ, ಬೆಳಿಗ್ಗೆ ಎದ್ದು ಎಲ್ಲಿಡೋದು? ಬೀಗ ಹಾಕೋಕೆ ಒಂದು ಗೂಡೂ ಇಲ್ದಿರೋರಿಗೆ ವಸ್ತು ಅನ್ನೋದು ಭಾರ. ಅವರಿಗೆ ಇಲ್ದೇ ಇರೋದು ಯಾರೂ ಪೊಟ್ಟಣ ಕಟ್ಟಿ ತಂದ್ಕೊಡ್ದೇ ಇರೋ ವಸ್ತುಗಳು: ಶೌಚಾಲಯಕ್ಕೆ ಹೋದ್ರೆ ಇಷ್ಟು, ಸ್ನಾನಕ್ಕೆ ಇಷ್ಟು, ಶೇವಿಂಗು, ಮೊಬೈಲ್ ರೀಚಾರ್ಜು, ಮಳೆ ಬಂದ್ ರಾತ್ರಿ ಟಾರ್ಪಾಲು, ಬಸ್ ಚಾರ್ಜು. ಹೆಂಗಸ್ರಿಗೆ ಶಕ್ತಿ ಯೋಜನೆ ಫ್ರೀ ಬಸ್ಸು 2023ರ ಜೂನಿಂದ ಇದೆ, ಅದಕ್ಕೂ ಕರ್ನಾಟಕದ ಅಡ್ರೆಸ್ ಇರೋ ಐಡಿ ತೋರ್ಸಬೇಕು. ಗಂಡಸ್ರಿಗೆ ಅದೂ ಇಲ್ಲ.

ಎರಡ್ನೇದು ಕುಡಿತ. ದುಡ್ಡು ಕೊಟ್ರೆ ಕುಡೀತಾರೆ ಅನ್ನೋದು ಎಲ್ರ ಬಾಯಲ್ಲೂ ಇದೆ, ಆದ್ರೆ ಅಳತೆ ಮಾಡಿ ನೋಡಿದೋರು ಕಮ್ಮಿ. ಕೆನಡಾದ ವ್ಯಾಂಕೂವರಲ್ಲಿ ಅಳೆದು ನೋಡಿದಾರೆ, ಮನೆ ಇಲ್ದಿರೋ 50 ಜನಕ್ಕೆ ತಲಾ 7,500 ಕೆನಡಾ ಡಾಲರ್ ಒಂದೇ ಸಲಕ್ಕೆ ಕೊಟ್ಟು, ಏನ್ ಬೇಕಾದ್ರೂ ಮಾಡ್ಕೊಳ್ಳಿ ಅಂತ ಬಿಟ್ಟು, ಕೊಡ್ದೇ ಇದ್ದ ಇನ್ನೊಂದು ಗುಂಪಿನ ಜೊತೆ ಒಂದು ವರ್ಷ ಹೋಲಿಸಿ ನೋಡಿದ್ರು. ಪ್ರಕಟ ಆಗಿದ್ದು 2023ರಲ್ಲಿ. ದುಡ್ಡು ತಗೊಂಡೋರು ಬೀದಿಲಿ, ಶೆಲ್ಟರಲ್ಲಿ ಕಳೆದ ದಿನ ವರ್ಷಕ್ಕೆ ಸರಾಸರಿ 99 ಕಮ್ಮಿ ಆಯ್ತು, ಕುಡಿತ ಡ್ರಗ್ಸ್ ಖರ್ಚು ಜಾಸ್ತಿ ಆಗ್ಲಿಲ್ಲ. ಇದನ್ನ ನಾನು ಟೀ ಅಂಗಡೀಲಿ ಹೇಳಿದಾಗ ಮೇಡಂ ಕೇಳಿದ ಪ್ರಶ್ನೆ ಒಳ್ಳೇದು: ವಿಪರೀತ ಕುಡಿಯೋರನ್ನೂ ಸೇರ್ಸಿದ್ರಾ? ಇಲ್ಲ. ಚಟ ಜೋರಾಗಿರೋರನ್ನ, ಮಾನಸಿಕ ಕಾಯಿಲೆ ತೀವ್ರ ಇರೋರನ್ನ ಮೊದ್ಲೇ ಬಿಟ್ಟಿದ್ರು. ಅಂದ್ರೆ ನಮ್ ತಾತ ಆ ಲೆಕ್ಕಕ್ಕೆ ಪೂರ್ತಿ ಬರ್ತಾರೋ ಇಲ್ವೋ ಅನ್ನೋದೇ ಅನುಮಾನ. ಬಡ ದೇಶಗಳಲ್ಲಿ ಸರ್ಕಾರಗಳು ಸಂಸ್ಥೆಗಳು ಕೊಡೋ ನಗದಿನ ಮೇಲೆ ವಿಶ್ವಬ್ಯಾಂಕಿನ ಇಬ್ರು ಸಂಶೋಧಕರು ಹತ್ತೊಂಬತ್ತು ಅಧ್ಯಯನ ಒಟ್ಟಿಗೆ ಇಟ್ಟು ನೋಡಿದ್ರು, ಅಲ್ಲೂ ಸರಾಸರಿಲಿ ಹೆಂಡ ಬೀಡಿ ಖರ್ಚು ಏರಿಲ್ಲ. ಆದ್ರೆ ಅದೆಲ್ಲ ಮನೆ ಸಂಸಾರ ಇರೋ ಬಡವರ ಲೆಕ್ಕ. ಹಾಗಾಗಿ ನಾನು ಅಧ್ಯಯನ ತೋರ್ಸಿ ತಾತ ಕುಡಿಯಲ್ಲ ಅಂತ ವಾದ ಮಾಡ್ಲಿಲ್ಲ. ಕುಡೀತಾರೆ ಅಂತಾನೇ ಇಟ್ಕೊಳಿ ಅಂದೆ.

ಕುಡೀತಾರೆ ಅಂತಾನೇ ಇಟ್ಕೊಂಡ್ರೂ, ದುಡ್ಡು ತಡೆದ್ರೆ ಕುಡಿತ ನಿಲ್ಲುತ್ತಾ? ದಿನಾ ಕುಡಿಯೋ ದೇಹ ಇದ್ದಕ್ಕಿದ್ದ ಹಾಗೆ ಬಿಟ್ರೆ ಕೈ ನಡುಕ, ಫಿಟ್ಸು, ಏನೇನೋ ಕಾಣ್ಸೋದು, ಬಡಬಡಿಕೆ, ಕೆಲವರಿಗೆ ಪ್ರಾಣಕ್ಕೇ ಬರುತ್ತೆ, ಅದಕ್ಕೇ ಡಾಕ್ಟ್ರು ಮಾತ್ರೆ ಕೊಟ್ಟು ನಿಧಾನವಾಗಿ ಬಿಡಿಸ್ತಾರೆ. ಟೀ ಅಂಗಡಿ ಗಲ್ಲಾ ಬೀಗ ಹಾಕಿ ಆಗೋ ಚಿಕಿತ್ಸೆ ಅಲ್ಲ ಅದು. ಪ್ಲಸ್ ದುಡ್ಡಿಲ್ದೇ ಇದ್ದಾಗ್ಲೂ ಅವರು ಕುಡೀತಾನೇ ಇದ್ರು, ಸಾಲ ಮಾಡಿ.

ಮೂರ್ನೇದೇ ನಿಜವಾದ ವಿಷ್ಯ, ಉಳಿದಿದ್ದೆಲ್ಲ ಅದರ ಸುತ್ತ. ಬ್ಯಾಂಕ್ ಸಾರ್‌ಗೆ ತಿಂಗಳಾ ಪೆನ್ಷನ್ ಬೀಳುತ್ತೆ, ವಾರಕ್ಕೊಂದ್ಸಲ ಕ್ಲಬ್ಬಿಗೆ ಹೋಗಿ ಎರಡು ಪೆಗ್ ಹಾಕ್ತಾರೆ, ಯಾರೂ ಲೆಕ್ಕ ಕೇಳಲ್ಲ. ಗೃಹಲಕ್ಷ್ಮಿ ಚಾಲನೆ ಆಗಿದ್ದು ನಮ್ಮೂರಲ್ಲೇ, 2023ರ ಆಗಸ್ಟ್ 30, ಮಹಾರಾಜ ಕಾಲೇಜು ಮೈದಾನ, ತಿಂಗಳಿಗೆ 2,000 ಮನೆ ಯಜಮಾನಿ ಖಾತೆಗೆ, ರಸೀದಿ ತಂದ್ಕೊಡಿ ಅಂತ ಸರ್ಕಾರ ಕೇಳಲ್ಲ. ಹಾಗಿದ್ಮೇಲೆ ಶಟರ್ ಮುಂದೆ ಮಲಗೋ ಮನುಷ್ಯನ ಹತ್ರ ಮಾತ್ರ ಯಾಕೆ? ನಾವು ದುಡ್ಡು ಎತ್ತಿದ ದಿನ "ತಾತಂಗೆ ಸಹಾಯ" ಅಂತ ಕೇಳಿದ್ವಿ, "ತಾತನ ಬ್ಯಾಂಡೇಜಿಗೆ ಸಹಾಯ" ಅಂತ ಕೇಳಿರ್ಲಿಲ್ಲ. ದುಡ್ಡು ಕೊಟ್ಟೋರಲ್ಲಿ ಒಬ್ರೂ ಆಮೇಲೆ ಲೆಕ್ಕ ಕೇಳಿಲ್ಲ, ಉತ್ತರ ಕೊಡ್ಬೇಕಲ್ಲ ಅನ್ನೋದು ನಮ್ಮ ನಮ್ಮಲ್ಲೇ ಹುಟ್ಟಿದ್ದು. ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರ್ದು ಅಂತ ಹೇಳ್ಕೊಂಡು ಓಡಾಡ್ತೀವಿ, ಇಲ್ಲಿ ಬಲಗೈ ಕೊಟ್ಟೂ ಇರಲಿಲ್ಲ, ಬಿಟ್ಟೂ ಇರಲಿಲ್ಲ.

ಇಷ್ಟಾದ್ರೂ ಬ್ಯಾಂಕ್ ಸಾರ್ ಭಯ ಸುಳ್ಳಲ್ಲ. ಐದು ಸಾವಿರ ಜೇಬಲ್ಲಿಟ್ಕೊಂಡು ಫುಟ್‌ಪಾತಲ್ಲಿ ಮಲಗಿದೋರ ತಲೆಗೆ ಕಲ್ಲು ಬೀಳ್ಬೋದು. ಕೊಡೋದು ಸರೀನಾ ಅನ್ನೋದರ ಬಗ್ಗೆ ಗಂಟೆಗಟ್ಟಲೆ ಮಾತಾಡೋರು ಹೇಗೆ ಕೊಡೋದು ಅನ್ನೋದರ ಬಗ್ಗೆ ಒಂದು ನಿಮಿಷ ಯೋಚ್ಸಲ್ಲ, ನನ್ ಪ್ರಕಾರ ಅರ್ಧ ನೀತಿ ಅಲ್ಲೇ ಇರೋದು. ಸಂಜೆ ಕೊಡಬಾರ್ದು, ಬೆಳಿಗ್ಗೆ ಕೊಡ್ಬೇಕು, ಕತ್ತಲಾಗೋದ್ರೊಳಗೆ ಏನ್ ಮಾಡ್ಬೇಕೋ ಮಾಡ್ಕೊಳ್ಳೋ ಹಾಗೆ. ನಾಲ್ಕು ಜನರ ಎದುರು ಎಣಿಸಿ ಕೊಡಬಾರ್ದು. 500ರ ನೋಟು ಬೇಡ, ಹರಕು ಅಂಗಿ ಹಾಕಿರೋರು ಐನೂರರ ನೋಟು ಚಿಲ್ಲರೆ ಮಾಡ್ಸೋಕೆ ಹೋದ್ರೆ ಎಲ್ಲಿ ಹೊಡೆದ್ಯೋ ಅಂತಾನೇ ಮೊದ್ಲು ಕೇಳ್ತಾರೆ, ಇದನ್ನ ಹೇಳಿದ್ದು ಆಟೋ ಹುಡ್ಗ, ನಮಗ್ಯಾರಿಗೂ ಹೊಳೆದಿರಲಿಲ್ಲ. ಇಡೀ ಐದು ಸಾವಿರ ನೂರರ ನೋಟಲ್ಲಿ ಹೊಂದಿಸಿ, ಬೆಳಿಗ್ಗೆ ಎಂಟಕ್ಕೆ, ನನ್ನ ಅಂಗಡಿ ಒಳಗೆ ಕರೆದು ಕೊಟ್ವಿ. ಮೇಡಂ ಬರಲಿಲ್ಲ. ತಾತ ಎಣಿಸಲೂ ಇಲ್ಲ, ಬನಿಯನ್ ಒಳಗೆ ಇಟ್ಕೊಂಡು ಹೋದ್ರು.

ಎರಡು ದಿನ ಪತ್ತೆ ಇಲ್ಲ. ಮೂರನೇ ದಿನ ಆಟೋ ಹುಡ್ಗ ಸಬರ್ಬನ್ ಬಸ್ ಸ್ಟ್ಯಾಂಡ್ ಹಿಂದುಗಡೆ ನೋಡಿದ, ಚೆನ್ನಾಗಿ ಕುಡ್ದು ಬಿದ್ದಿದ್ರು, ಮೊಣಕೈ ತರ್ಚಿತ್ತು, ಕಾಲಿನ ಬ್ಯಾಂಡೇಜು ಕೊಳೆ ಆಗಿತ್ತು. ಎತ್ತಿ ಆಟೋಗೆ ಹಾಕ್ಕೊಂಡು ಬಂದ. ಮೇಡಂ ಒಂದು ಮಾತೂ ಆಡ್ಲಿಲ್ಲ, ನಮ್ಮನ್ನೆಲ್ಲ ನೋಡಿ ಕ್ಲಾಸಿಗೆ ಹೊರಟೋದ್ರು. ಬೈದಿದ್ರೇ ವಾಸಿ ಇತ್ತು.

ಇನ್ನೊಂದ್ ನಾಲ್ಕೈದು ದಿನ ಆದ್ಮೇಲೆ ಆಸ್ಪತ್ರೆ ಗೇಟ್ ಹತ್ರ ಹೂ ಮಾರೋ ಅಮ್ಮ ಟೀ ಅಂಗಡಿಗೆ ಬಂದು ಗಲಾಟೆ ಮಾಡಿದ್ರು. ತಾತ ವಾರ್ಡಲ್ಲಿದ್ದಾಗ ಹಣ್ಣು, ಹೊರಗಿಂದ ತರ್ಸಿದ ಮಾತ್ರೆ, ಜೊತೆಗೆ ಒಬ್ಬನ್ನ ಕೂರಿಸೋಕೆ ಆದ ಖರ್ಚು, ಎಲ್ಲ ಈ ಅಮ್ಮನೇ ಹಾಕಿದ್ರು, 2,200. ಅದೂ ಅವರ ಸ್ವಂತದ್ದಲ್ಲ, ವಾರದ ಸಾಲದಲ್ಲಿ ತಗೊಂಡಿದ್ದು. ಮೈಸೂರು ಮಂಡ್ಯ ಚಾಮರಾಜನಗರ ಕಡೆ ಈ ಮೈಕ್ರೋಫೈನಾನ್ಸ್ ಕಾಟ ಎಷ್ಟಾಯ್ತು ಅಂದ್ರೆ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆನೇ ತರ್ಬೇಕಾಯ್ತಲ್ಲ, ಅದೇ ಥರದ ಸಾಲ. ಮಗಂಗೆ ಗೊತ್ತಾದ್ರೆ ಮನೇಲಿ ರಂಪ, ಅದಕ್ಕೆ ಯಾರ್ಗೂ ಹೇಳ್ಬೇಡ ಅಂತ ತಾತನ ಹತ್ರ ಮಾತು ತಗೊಂಡಿದ್ರಂತೆ. ಇನ್ನೊಬ್ಬ, ತಾತನ ಪಕ್ಕದ ಶಟರಿನೋನು, ರಾತ್ರಿ ವಾರ್ಡಲ್ಲಿ ಕೂತಿದ್ದೋನು, ಅವನಿಗೆ 800 ಕೊಡೋದಿತ್ತು. ತಾತ ಇಬ್ರಿಗೂ ದುಡ್ಡು ವಾಪಸ್ ಕೊಟ್ಟಾಗಿತ್ತು, ಈಗ ಅಮ್ಮನ ಕಿವಿಗೆ ತಾತ ನಾವು ಕೊಟ್ಟ ದುಡ್ಡೆಲ್ಲ ಕುಡ್ದು ಹಾಳ್ ಮಾಡಿದ್ರಂತೆ ಅನ್ನೋ ಸುದ್ದಿ ಬಿದ್ದಿದೆ, ಸಿಟ್ಟು ಬಂದಿದೆ. "ನನ್ ದುಡ್ ನಂಗ್ ಕೊಡಕ್ಕೆ ನಿಮ್ ತಾವ ಅರ್ಜಿ ಹಾಕ್ಬೇಕಿತ್ತಾ ಆವಯ್ಯ?" ಅಂತ ಕೇಳಿದ್ರು.

ಅಂದ್ರೆ 3,000 ಸಾಲ ತೀರ್ಸೋಕೆ ಹೋಯ್ತು. 700ರ ಆಸುಪಾಸು ಎಂಸಿಆರ್ ಚಪ್ಪಲಿಗೆ, ಸಕ್ಕರೆ ಕಾಯಿಲೆಯೋರಿಗೆ ಅಂತ ಬರೋ ಮೆತ್ತನೆ ಅಟ್ಟೆದು, ಅದನ್ನ ಅವರ ಕಾಲಲ್ಲೇ ನೋಡಿದ್ವಿ. ಉಳಿದ ಸಾವಿರದ ಮುನ್ನೂರು ಕುಡ್ದಿದ್ದೆಷ್ಟೋ ಬಿದ್ದಾಗ ಯಾರೋ ಎತ್ತಿದ್ದೆಷ್ಟೋ.

ಈ ಕಥೆ ಕೇಳಿದ ತಕ್ಷಣ ಜನ ನೋಡಿದ್ರಾ, ತಾತ ಎಷ್ಟು ಮರ್ಯಾದಸ್ತ ಅಂತಾರೆ, ಕೊಟ್ಟಿದ್ದು ಸರಿಯಾಯ್ತು ಅಂತಾರೆ. ನಾನು ಹಾಗೆ ಹೇಳಲ್ಲ. ಸಾಲ ತೀರ್ಸಿದ್ರಿಂದ ಕೊಟ್ಟಿದ್ದು ಸರಿ ಆಗೋದಾದ್ರೆ, ಬಸ್ ಸ್ಟ್ಯಾಂಡ್ ಹಿಂದೆ ಬಿದ್ದಿದ್ರಿಂದ ಕೊಟ್ಟಿದ್ದು ತಪ್ಪೂ ಆಗುತ್ತೆ, ಎರಡೂ ಅದೇ ಐದು ಸಾವಿರದಲ್ಲೇ ಆಗಿದ್ದು. ಕೊಡೋ ದಿನ ನಮಗೆ ಎರಡೂ ಗೊತ್ತಿರಲಿಲ್ಲ. ನಂಗೆ ಇದ್ರಲ್ಲಿ ಮುಖ್ಯ ಅನ್ಸೋದು ಬೇರೆ: ಕಾರಣ ಹೇಳಿ ಅಂತ ನಾವು ಕೇಳಿದ್ದು ಅವರದ್ದಲ್ದೇ ಇರೋ ಒಂದು ಗುಟ್ಟನ್ನ. ಆ ಕಾರಣ ಹೇಳಿದ್ರೆ ದುಡ್ಡು ಸಿಗ್ತಿತ್ತು, ಮೇಡಂ ಕೂಡ ಒಪ್ತಿದ್ರು, ಹೂವಿನ ಅಮ್ಮನ ಮನೇಲಿ ಬೆಂಕಿ ಬೀಳ್ತಿತ್ತು. ತಾತ ಬೈಸ್ಕೊಂಡ್ರು, ಹೇಳ್ಲಿಲ್ಲ. ಬೀದಿಲಿ ಬದುಕೋರ ಮಧ್ಯೆ ಕೊಡು-ತಗೊಳ್ಳೋ ಲೆಕ್ಕ ಇದೆ, ಕಾಯಿಲೆ ಬಿದ್ದಾಗ ನೋಡ್ಕೊಳ್ಳೋರು ಯಾರು, ರಾತ್ರಿ ಗಂಟು ಕಾಯೋರು ಯಾರು ಅನ್ನೋದು ಅದರ ಮೇಲೆ ನಿಂತಿರುತ್ತೆ, ಪೊಟ್ಟಣದ ಊಟ ಕೊಟ್ಟು ಅದನ್ನ ತೀರ್ಸೋಕಾಗಲ್ಲ, ನಗದೇ ಬೇಕು.

ಮೇಡಂ ಜೊತೆ ಆಮೇಲೆ ಸಮಾಧಾನವಾಗಿ ಮಾತಾಡ್ದೆ. ಅವರು ಸೋತೆ ಅಂತ ಒಪ್ಲಿಲ್ಲ, ಒಪ್ಪೋ ಅಗತ್ಯಾನೂ ಇಲ್ಲ. ನನ್ ಕೈಯಾರೆ ಕೊಟ್ಟ ದುಡ್ಡಲ್ಲಿ ಒಬ್ಬರು ಕುಡ್ದು ಬೀಳೋದನ್ನ ನೋಡೋಕೆ ನಂಗಾಗಲ್ಲ, ಹಾಗಾಗಿ ನಾನು ಊಟದ ಡಬ್ಬಿ ತರ್ತೀನಿ ಅಂದ್ರು, ಈಗ್ಲೂ ತರ್ತಾರೆ, ಸಕ್ಕರೆ ಕಾಯಿಲೆಗೆ ಆಗೋ ಹಾಗೆ ಮುದ್ದೆ ಸೊಪ್ಪಿನ ಸಾರು. ಅದು ನ್ಯಾಯವಾದ ಮಾತು. ನಾನೇನು ಕೊಡ್ಬೇಕು ಅನ್ನೋದನ್ನ ಕೊಡೋಕೆ ಮುಂಚೆ ನಾನು ತೀರ್ಮಾನ ಮಾಡ್ಬೋದು, ಕೊಟ್ಟಾದ್ಮೇಲೆ ಹಗ್ಗ ಹಿಡ್ಕೊಂಡು ಕೂರೋದೇ ಬೇಡ ಅಂತ ನಾನು ಹೇಳೋದು. ಮತ್ತೆ ನಗದು ಎಲ್ಲರಿಗೂ ಎಲ್ಲಾ ಕಡೆ ಅಂತಾನೂ ನಾನು ಹೇಳಲ್ಲ. ಮಗು ಮುಂದಿಟ್ಕೊಂಡು ಬೇಡ್ತಿದ್ರೆ ನಾನು ದುಡ್ಡು ಕೊಡಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ತೀನಿ, ಯಾಕಂದ್ರೆ ಅಲ್ಲಿ ದುಡ್ಡು ಬರ್ತಿದ್ದಷ್ಟು ದಿನ ಆ ಮಗು ಬಿಸಿಲಲ್ಲೇ ಇರುತ್ತೆ. ತನ್ನ ಮೇಲೆ ತನಗೇ ಗ್ಯಾನ ಇಲ್ದೇ ಅಲೀತಿರೋರ ಕೈಗೆ ನೋಟು ತುರುಕೋದ್ರಲ್ಲೂ ಅರ್ಥ ಇಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಂಥೋರನ್ನ ರಕ್ಷಣೆಗೆ ತಗೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರ್ಸೋದು ಪೊಲೀಸರ ಕರ್ತವ್ಯ.

ಕಾನೂನು ಅಂದಾಗ ಒಂದು ಮಾತು. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ನಿಮ್ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಭಿಕ್ಷುಕರ ಕರ ಅಂತ ನೂರಕ್ಕೆ 3 ಇರುತ್ತೆ. ಅಂದ್ರೆ ನಾನು ಭಿಕ್ಷೆ ಹಾಕಲ್ಲ ಅನ್ನೋ ಮನೆ ಯಜಮಾನ್ರೂ ವರ್ಷ ವರ್ಷ ಹಾಕ್ತಾನೇ ಇದಾರೆ. ಆ ದುಡ್ಡಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೀತವೆ. ಅಲ್ಲಿಗೆ ಯಾಕೆ ಹೋಗಲ್ಲ ಅಂತ ಬ್ಯಾಂಕ್ ಸಾರ್ ಒಂದ್ಸಲ ತಾತನ್ನ ಕೇಳಿದ್ರು, ಹಿಡ್ಕೊಂಡ್ ಹೋಯ್ತಾರೆ ಬಿಡಾಕಿಲ್ಲ ಅಂದ್ರು. ಬೆಂಗಳೂರಿನ ಕೇಂದ್ರದಲ್ಲಿ 2010ರ ಆಗಸ್ಟಲ್ಲಿ ಸಾಲುಸಾಲಾಗಿ ಜನ ಸತ್ತಿದ್ದು ಎಲ್ಲಾ ಪೇಪರಲ್ಲೂ ಬಂದಿತ್ತು, ಓದು ಬರದೇ ಇರೋರಿಗೂ ಅಂಥ ಸುದ್ದಿ ತಲುಪುತ್ತೆ, ಉಳ್ಕೊಳ್ಳುತ್ತೆ. ದಿಲ್ಲಿ ಹೈಕೋರ್ಟ್ 2018ರಲ್ಲಿ ಅಲ್ಲಿನ ಭಿಕ್ಷಾಟನೆ ಕಾನೂನಿನ ಶಿಕ್ಷೆ ಭಾಗವನ್ನ ಹೊಡೆದುಹಾಕಿತು, 2021ರಲ್ಲಿ ಸುಪ್ರೀಂ ಕೋರ್ಟೂ ಭಿಕ್ಷುಕರನ್ನ ಬೀದಿಯಿಂದ ಎತ್ತಂಗಡಿ ಮಾಡೋಕೆ ಹೇಳಲ್ಲ, ಇದು ಬಡತನದ ಪ್ರಶ್ನೆ ಅಂತ ಹೇಳ್ತು. ಅತ್ತ ಇಂದೋರಲ್ಲಿ 2025ರ ಜನವರಿ 1ರಿಂದ ಕೊಡೋರ ಮೇಲೇ ಕೇಸು ಹಾಕೋ ಆದೇಶ ಬಂತು. ಹತ್ತು ರೂಪಾಯಿ ಕೊಟ್ಟಿದ್ದಕ್ಕೆ ಎಫ್ಐಆರ್. ನನ್ನ ತಲೆಗೆ ಇದು ಹೋಗಲ್ಲ ಬಿಡಿ.

ಜಗಳ ಆದ್ಮೇಲೆ ನಾವು ಬದಲಾಯ್ಸಿದ್ದು ಎರಡೇ. ಉಳಿದಿದ್ದ 3,400ಕ್ಕೆ ಒಂದು ನೋಟ್‌ಬುಕ್ ಮಾಡಿ ತಾತನ ಹತ್ರಾನೇ ಕೊಟ್ವಿ, ಟೀ ಅಣ್ಣನ ಹತ್ರ ಇರೋದು ನಿಮ್ ದುಡ್ಡು, ಕೇಳ್ದಾಗ ಕೊಡ್ತಾರೆ, ಬರೀತಾರೆ, ಪ್ರಶ್ನೆ ಇಲ್ಲ ಅಂತ ಬಾಯ್ಬಿಟ್ಟು ಹೇಳಿದ್ವಿ. ತಮಾಷೆ ಏನಂದ್ರೆ ಆಮೇಲೆ ಅವರು ದಿನಕ್ಕೆ ಐವತ್ತೂ ತಗೊಳ್ಳಲ್ಲ, ಮೂವತ್ತು ಸಾಕು ಅಂತಾರೆ.

ಇನ್ನೊಂದು ಬ್ಯಾಂಕ್ ಖಾತೆ. ತಾತನ ಹತ್ರ ಆಧಾರ್ ಇಲ್ಲ, ಕಳ್ದೋಗಿದೆ, ನಂಬರೂ ನೆನಪಿಲ್ಲ. ಬ್ಯಾಂಕ್ ಸಾರ್ ಇಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬಂದ್ರು. ಯಾವ ದಾಖಲೆನೂ ಇಲ್ದೇ ಇರೋರಿಗೆ ಸಣ್ಣ ಖಾತೆ ಅಂತ ತೆಗೆಯೋಕೆ ರಿಸರ್ವ್ ಬ್ಯಾಂಕ್ ನಿಯಮ ಇದೆ, ಫೋಟೋ ಕೊಟ್ಟು ಬ್ಯಾಂಕಿನ ಅಧಿಕಾರಿ ಎದುರು ಸಹಿ ಇಲ್ಲಾ ಹೆಬ್ಬೆಟ್ಟು ಹಾಕಿದ್ರೆ ಸಾಕು. ಖಾತೇಲಿ 50,000 ಮೀರಬಾರ್ದು, ವರ್ಷಕ್ಕೆ ಒಟ್ಟು 1 ಲಕ್ಷದ ಮೇಲೆ ಜಮಾ ಆಗಬಾರ್ದು, ತಿಂಗಳಿಗೆ 10,000ದ ಮೇಲೆ ತೆಗೆಯಂಗಿಲ್ಲ, ಹನ್ನೆರಡು ತಿಂಗಳು ನಡೆಯುತ್ತೆ, ಅಷ್ಟರಲ್ಲಿ ದಾಖಲೆಗೆ ಅರ್ಜಿ ಹಾಕಿದ್ದು ತೋರ್ಸಿದ್ರೆ ಇನ್ನು ಹನ್ನೆರಡು. ಮೊದ್ಲು ಹೋದ ಬ್ರಾಂಚಲ್ಲಿ ಅಡ್ರೆಸ್ ಪ್ರೂಫ್ ಇಲ್ದೆ ಆಗಲ್ಲ ಅಂತ ಕೌಂಟರಲ್ಲೇ ಕಳ್ಸಿದ್ರು. ಸಾರ್ ನಿಯಮದ ಪ್ರಿಂಟು ತಗೊಂಡು ಬೇರೆ ಬ್ರಾಂಚಿಗೆ ಹೋಗಿ ಮ್ಯಾನೇಜರ್ ಮುಂದೆ ಕೂತ್ರು, ಆಯ್ತು. ಪಾಸ್‌ಬುಕ್ಕು ನನ್ನ ಅಂಗಡೀಲಿದೆ, ನೆನೀದೇ ಇರಲಿ ಅಂತ ತಾತನೇ ಇಟ್ಟಿರೋದು.

ಈಗ ಸಂಧ್ಯಾ ಸುರಕ್ಷಾ ಪಿಂಚಣಿಗೆ ಓಡಾಟ. 65 ದಾಟಿದೋರಿಗೆ ತಿಂಗಳಿಗೆ 1,200, ಅದಕ್ಕೆ ವಯಸ್ಸಿನ ದಾಖಲೆ, ವಾಸದ ದಾಖಲೆ ಎರಡೂ ಬೇಕು. ವಾಸಕ್ಕೆ ದಾರಿ ಒಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ: ಮನೆ ಇಲ್ದೇ ಇರೋರೂ ಮತದಾರರ ಪಟ್ಟಿಗೆ ಸೇರ್ಬೋದು, ನಮೂನೆ 6ರಲ್ಲಿ ಮಲಗೋ ಜಾಗಾನೇ ವಿಳಾಸ ಅಂತ ಬರೆದ್ರೆ ಬಿಎಲ್ಒ, ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ, ರಾತ್ರಿ ಹೊತ್ತು ಒಂದಕ್ಕಿಂತ ಹೆಚ್ಚು ಸಲ ಬಂದು ಅಲ್ಲೇ ಮಲಗಿದಾರಾ ಅಂತ ನೋಡ್ಬೇಕು, ಬೇರೆ ವಿಳಾಸದ ದಾಖಲೆ ಕೇಳಂಗಿಲ್ಲ, ಇದು ಚುನಾವಣಾ ಆಯೋಗದ್ದೇ ಸೂಚನೆ. ಅರ್ಜಿ ನಾನೇ ತುಂಬ್ದೆ, ಇಂಥ ರಸ್ತೆ, ಇಂಥ ಅಂಗಡಿ ಮುಂಭಾಗದ ಜಗಲಿ ಅಂತ. ಆ ಅಂಗಡಿಯೋರಿಗೆ ಯಾರೋ ಹೇಳ್ಬಿಟ್ಟಿದಾರೆ. ಬಂದು, ಮಲಗಿದ್ರೆ ಮಲಗಲಿ ನಂದೇನೂ ತಕರಾರಿಲ್ಲ, ಆದ್ರೆ ನನ್ ಅಂಗಡಿ ಅಡ್ರೆಸ್ ಮೇಲೆ ವೋಟರ್ ಐಡಿ ಆದ್ರೆ ನಾಳೆ ಬಾಡಿಗೆದಾರ ಅಂತ ಕೇಸ್ ಹಾಕಿದ್ರೆ ಅಂತ ಕೇಳ್ತಿದಾರೆ. ವೋಟರ್ ಐಡಿಯಿಂದ ಜಾಗದ ಮೇಲೆ ಹಕ್ಕು ಬರಲ್ಲ ಅಂತ ಬ್ಯಾಂಕ್ ಸಾರ್, ಮೆಡಿಕಲ್ ಶಾಪಿನೋರು ಇಬ್ರೂ ಹೇಳಿ ನೋಡಿದ್ರು, ಅವರಿಗಿನ್ನೂ ನಂಬಿಕೆ ಬಂದಿಲ್ಲ. ತಾತ ಮಾತ್ರ ಪಕ್ಕದ ಶಟರಿಗೆ ಜಾಗ ಬದಲಾಯ್ಸ್ಲಾ ಅಂತ ಕೇಳ್ತಿದಾರೆ, ನಾನು ಬಿಎಲ್ಒ ಬಂದು ಹೋಗೋ ತನಕ ಅಲ್ಲಾಡ್ಬೇಡಿ ಅಂದಿದೀನಿ.